ಕೋವಿಗೆ ಕೆಂಪು ಚುಕ್ಕಿ ಬಂತು, ಗುರಿ ನೋಡಲು ಜಾಗ ಬರಲಿಲ್ಲ

ಕಟ್ಟಾಯ ಹೋಬಳಿಯ ಹೊಲದ ಬದುವಿನಲ್ಲಿ ರಾತ್ರಿ ಹತ್ತರ ಮೇಲೆ ಕಾವಲು ಕೂತವರನ್ನು ಕೇಳಿ ನೋಡಿ. ಮುಸುಕಿನ ಜೋಳದ ಗರಿ ಅಲ್ಲಾಡಿದರೆ ಅದು ಗಾಳಿಯೋ ಹಂದಿಯೋ ಅಂತ ಹೇಳೋದಕ್ಕೆ ಅರ್ಧ ಆಯುಸ್ಸಿನ ಅನುಭವ ಬೇಕು. ಕಾವಲಿನವನ ಹತ್ತಿರ ಇರುವ ಸಾಮಾನು ಮೂರೇ. ಒಂದು ಬ್ಯಾಟರಿ, ಒಂದು ಕಂಬಳಿ, ಪರವಾನಗಿ ಇದ್ದವನಾದರೆ ಅಪ್ಪನ ಕಾಲದ ಒಂದು ಕೋವಿ. ಈಗ ಅಲ್ಲೊಂದು ಇಲ್ಲೊಂದು ಕೋವಿಯ ಬೆನ್ನ ಮೇಲೆ ನಾಲ್ಕನೆಯದೂ ಬಂದು ಕೂತಿದೆ. ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಗಾಜಿನ ಡಬ್ಬಿ. ಒಳಗೆ ಇಣುಕಿದರೆ ಕೆಂಪು ಚುಕ್ಕಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಅಳಿಯನೋ ತಂದುಕೊಟ್ಟ ರೆಡ್ ಡಾಟ್.

ಚುಕ್ಕಿಯನ್ನು ಹಂದಿಯ ಮೇಲಿಟ್ಟು ಕುದುರೆ ಎಳೆದರೆ ಆಯ್ತು, ಇನ್ನೇನು ಬೇಕು ಅನ್ನುತ್ತಾರೆ ತಂದುಕೊಟ್ಟವರು. ಆಗುವುದಿಲ್ಲ ಸ್ವಾಮಿ. ಚುಕ್ಕಿ ಒಂದು ಕಡೆ, ಗುಂಡು ಇನ್ನೊಂದು ಕಡೆ. ಎರಡನ್ನೂ ಒಂದು ಮಾಡುವುದಕ್ಕೆ ಬೇಕಾದದ್ದು ಒಂದು ಹಲಗೆ, ಒಂದು ಮಣ್ಣಿನ ದಿಬ್ಬ, ಒಂದು ಬೆಳಿಗ್ಗೆ. ಅದೇ ಸಿಗುತ್ತಿಲ್ಲ.

ಮೊದಲು ಈ ಚುಕ್ಕಿಯ ಕಥೆ ಏನು ಅಂತ ತಿಳಿಯಬೇಕು. ಬಹಳ ಜನ ಇದನ್ನು ಲೇಸರ್ ಎಂದುಕೊಂಡಿದ್ದಾರೆ. ಲೇಸರ್ ಆದರೆ ಹೊರಗೆ ಹೋಗಿ ಪ್ರಾಣಿಯ ಮೈಮೇಲೆ ಕೆಂಪು ಬೊಟ್ಟು ಇಡುತ್ತದೆ. ಇದು ಹಾಗಲ್ಲ. ಡಬ್ಬಿಯ ಒಳಗೆ ಸಾಸಿವೆಗಿಂತ ಸಣ್ಣದೊಂದು ಕೆಂಪು ದೀಪ. ಆ ಬೆಳಕು ಮುಂದಿರುವ ಬಾಗಿದ ಗಾಜಿಗೆ ಬಡಿದು ವಾಪಸು ಕಣ್ಣಿಗೇ ಬರುತ್ತದೆ. ಗಾಜಿಗೆ ಬಳಿದಿರುವ ಲೇಪ ಕೆಂಪನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಉಳಿದ ಬೆಳಕನ್ನು ಒಳಕ್ಕೆ ಬಿಡುತ್ತದೆ. ಕಿರಣಗಳು ಒಂದಕ್ಕೊಂದು ಸಮವಾಗಿ ಬರುವುದರಿಂದ ಚುಕ್ಕಿ ಗಾಜಿನ ಮೇಲಿದ್ದಂತೆ ಕಾಣುವುದಿಲ್ಲ, ದೂರದ ಪೊದೆಯ ಮೇಲೇ ಇದ್ದಂತೆ ಕಾಣುತ್ತದೆ. ಪ್ರಾಣಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. 1900ರಲ್ಲೇ ಡಬ್ಲಿನ್ನಿನ ಹೊವಾರ್ಡ್ ಗ್ರಬ್ ಎಂಬಾತ ಇದರ ಮೂಲ ಉಪಾಯ ಹೇಳಿದ್ದ. ಬ್ಯಾಟರಿ ದೀಪದ ಕೆಂಪು ಚುಕ್ಕಿಯನ್ನು 1975ರಲ್ಲಿ ಅಂಗಡಿಗೆ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ. ಕೊಂಡವರು ಅಲ್ಲಿನ ಬೇಟೆಗಾರರು.

ನಮ್ಮೂರ ರೈತನಿಗೆ ಇದು ಶೋಕಿ ಅಂತ ಹೇಳಿ ತಳ್ಳಿಹಾಕುವ ಹಾಗಿಲ್ಲ. ಹಳೇ ಒಂಟಿ ನಳಿಗೆಯ ಕೋವಿಗೆ ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಇರುತ್ತದೆ. ಗುರಿ ಹಿಡಿಯುವವನು ಮಣಿಯನ್ನೂ ನೋಡಬೇಕು, ದೂರದ ಪ್ರಾಣಿಯನ್ನೂ ನೋಡಬೇಕು. ನಲವತ್ತೈದು ದಾಟಿದ ಕಣ್ಣಿಗೆ ಇದು ಆಗದ ಮಾತು. ಮಣಿ ಸರಿ ಕಂಡರೆ ಹಂದಿ ಮಬ್ಬು, ಹಂದಿ ಸರಿ ಕಂಡರೆ ಮಣಿ ಮಬ್ಬು. ಹೋಬಳಿಯಲ್ಲಿ ಕೋವಿ ಇರುವವರ ವಯಸ್ಸು ನೋಡಿದರೆ ಮಬ್ಬು ಎಷ್ಟಿರಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರೆಲ್ಲ ಬೆಂಗಳೂರು ಸೇರಿ, ಕಾವಲಿಗೆ ಉಳಿದಿರೋರು ಮುದುಕರೇ. ಕೆಂಪು ಚುಕ್ಕಿಯಲ್ಲಿ ನೋಟ ಒಂದೇ ಕಡೆ. ಎರಡು ಕಣ್ಣು ಬಿಟ್ಟುಕೊಂಡೇ ನೋಡಬಹುದು. ಕೆಲವರ ಕಣ್ಣಿಗೆ ಚುಕ್ಕಿ ಗುಂಡಗೆ ಕಾಣದೆ ಬಾಲ ಬಂದ ಹಾಗೆ ಕಾಣುತ್ತದೆ. ಅದು ಸಾಮಾನ್ಯವಾಗಿ ಡಬ್ಬಿಯ ದೋಷವಲ್ಲ, ಕಣ್ಣಿನದು. ಕನ್ನಡಕದವರ ಹತ್ತಿರ ಹೋಗಬೇಕು. ಇನ್ನೊಂದು ಮಾತು: ಚುಕ್ಕಿ ಕತ್ತಲಲ್ಲಿ ದಾರಿ ತೋರಿಸುವುದಿಲ್ಲ. ಜೋರು ಇಟ್ಟುಕೊಂಡರೆ ಚುಕ್ಕಿಯೇ ಕಣ್ಣು ಕುಕ್ಕಿ ಹಿಂದಿರುವುದು ಹಂದಿಯೋ ಹೆಗಲ ಮೇಲೆ ಗೊಬ್ಬರದ ಮೂಟೆ ಹೊತ್ತ ಮನುಷ್ಯನೋ ತಿಳಿಯದೆ ಹೋಗುತ್ತದೆ.

ಈಗ ಗುರಿ ಕೂಡಿಸುವ ವಿಚಾರ. ಡಬ್ಬಿಗೆ ಎರಡು ತಿರುಪು. ಒಂದು ಚುಕ್ಕಿಯನ್ನು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಕೋವಿಯನ್ನು ಮರಳು ಚೀಲದ ಮೇಲೆ ಅಲ್ಲಾಡದ ಹಾಗೆ ಇಟ್ಟು, 25 ಗಜ ದೂರದ ಹಲಗೆಗೆ ಒಂದೇ ಚುಕ್ಕಿ ಇಟ್ಟು, ಒಂದೇ ಜಾತಿಯ ತೋಟೆಯಲ್ಲಿ ಮೂರು ಈಡು ಹೊಡೆಯಬೇಕು. ಒಂದು ಈಡು ನೋಡಿ ತಿರುಪು ತಿರುಗಿಸುವುದು ದಡ್ಡತನ. ಅದು ಕೈ ನಡುಗಿದ್ದೂ ಆಗಿರಬಹುದು. ಮೂರೂ ಬಿದ್ದ ಜಾಗದ ನಡುಮಧ್ಯ ಎಲ್ಲಿ ಅಂತ ನೋಡಬೇಕು. ಸಾಮಾನ್ಯ ಡಬ್ಬಿಯಲ್ಲಿ ತಿರುಪು ಒಂದು ಸಲ ಟಿಕ್ ಅಂದರೆ 100 ಗಜದಲ್ಲಿ ಹೆಚ್ಚು ಕಡಿಮೆ 1 ಇಂಚು ಸರಿಯುತ್ತದೆ. ಅಂದರೆ 25 ಗಜಕ್ಕೆ ಕಾಲು ಇಂಚು. ಮೂರೂ 4 ಇಂಚು ಎಡಕ್ಕೆ ಬಿದ್ದಿದ್ದರೆ 16 ಸಲ ಟಿಕ್ ಅನ್ನಿಸಬೇಕು. ಆಮೇಲೆ ಮತ್ತೆ ಮೂರು ಈಡು. ಸರಿ ಬಂದರೆ ಸರಿ, ಇಲ್ಲದಿದ್ದರೆ ಇನ್ನೊಂದು ಸುತ್ತು.

ಲೆಕ್ಕ ಸುಲಭ. ಆದರೆ ಹನ್ನೆರಡು ಬೋರಿನ ಕೋವಿ ಒದೆಯುವ ಒದೆತಕ್ಕೆ ಡಬ್ಬಿ ಕೂರಿಸಿದ ತಿರುಪು ಸಡಿಲವಾದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಒಂಟಿ ಗುಂಡಿನ ತೋಟೆಗೆ ಕೂಡಿಸಿದ ಗುರಿ ಚರೆಯ ತೋಟೆಗೆ ಹೊಂದುವುದಿಲ್ಲ. ಚುಕ್ಕಿ ನಳಿಗೆಗಿಂತ ಒಂದೂವರೆ ಇಂಚು ಮೇಲೆ ಕೂತಿರುವುದರಿಂದ ತೀರಾ ಹತ್ತಿರದ ಗುರಿಗೆ ಗುಂಡು ಚುಕ್ಕಿಯ ಕೆಳಗೆ ಬೀಳುತ್ತದೆ. ಇದೆಲ್ಲ ಅಂಗಡಿಯವನು ಹೇಳಿ ಬರುವುದಲ್ಲ. ಹಲಗೆಯ ಮುಂದೆ ಕೂತೇ ತಿಳಿಯಬೇಕು.

ಹಲಗೆ ಎಲ್ಲಿ? ಇಲ್ಲಿಂದ ಶುರುವಾಗುತ್ತದೆ ತಮಾಷೆ.

ಬೆಳೆ ರಕ್ಷಣೆಗೆ ಕೊಟ್ಟ ಕೋವಿಯನ್ನು ಊರ ಹಿಂದಿನ ಗೋಮಾಳದಲ್ಲಿ ನಿಂತು ಬೇಕಾದ ಹಾಗೆ ಹಾರಿಸುವುದಕ್ಕೆ ಆಗುವುದಿಲ್ಲ. ಆಗಬಾರದು ಕೂಡ. ಒಂಟಿ ಗುಂಡು ಅರ್ಧ ಮೈಲಿ ದಾಟಿಯೂ ಹೋಗಬಲ್ಲದು. ಆಚೆ ಯಾರ ಎಮ್ಮೆ ಮೇಯುತ್ತಿದೆಯೋ, ಯಾರ ಮಗು ಶಾಲೆಯಿಂದ ಬರುತ್ತಿದೆಯೋ. 2019ರ ತಿದ್ದುಪಡಿಯಾದ ಮೇಲೆ ಶಸ್ತ್ರಾಸ್ತ್ರ ಕಾಯಿದೆ ಇನ್ನೂ ಬಿಗಿಯಾಗಿದೆ. ಪರರ ಜೀವಕ್ಕೆ ಅಪಾಯವಾಗುವ ಹಾಗೆ ಬೇಜವಾಬ್ದಾರಿಯಿಂದ ಹಾರಿಸಿದರೆ 2 ವರ್ಷದವರೆಗೆ ಸಜೆ, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ತೋಟೆಗೂ ಲೆಕ್ಕ. ಎಷ್ಟು ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಪರವಾನಗಿ ಪುಸ್ತಕದಲ್ಲೇ ಬರೆದಿರುತ್ತದೆ. ಗುರಿ ಕೂಡಿಸಲು ಆರೇಳು ತೋಟೆ ಸುಟ್ಟರೆ ಹಂದಿ ಬಂದ ದಿನ ಚೀಲ ಖಾಲಿ. ಹೀಗಾಗಿ ಹೊಲದವನು ಏನು ಮಾಡುತ್ತಾನೆ? ಡಬ್ಬಿ ಕೂರಿಸುತ್ತಾನೆ, ಚುಕ್ಕಿ ಕಂಡಿತು ಅಂತ ಸಂತೋಷಪಡುತ್ತಾನೆ, ಗುರಿ ನೋಡದೆಯೇ ಕಾವಲಿಗೆ ಹೋಗುತ್ತಾನೆ. ಮೊದಲ ಪರೀಕ್ಷೆ ನಡೆಯುವುದು ಕತ್ತಲಲ್ಲಿ, ಜೀವ ಇರುವ ಗುರಿಯ ಮೇಲೆ.

ಹೊಸದಾಗಿ ಪರವಾನಗಿ ಕೇಳುವವರು ಕೋವಿಯನ್ನು ಜೋಪಾನವಾಗಿ ಬಳಸುವ ತರಬೇತಿ ಪಡೆದ ಪತ್ರ ತರಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಒಳ್ಳೆಯದು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದೂ ಉಂಟು. ಅದೂ ಒಳ್ಳೆಯದೇ. ಆದರೆ ಅಲ್ಲಿ ಹಾರಿಸುವುದು ಇಲಾಖೆಯ ಬಂದೂಕು. ತರಬೇತಿ ಮುಗಿಸಿದವನು ಮನೆಗೆ ಬಂದು ಹಿಡಿಯುವುದು ಅಜ್ಜ ಬಿಟ್ಟುಹೋದ ಒಂಟಿ ನಳಿಗೆ. ಬೇರೆಯವರ ಕನ್ನಡಕದಲ್ಲಿ ಅಕ್ಷರ ಓದಿ ಪಾಸಾದ ಹಾಗಾಯಿತು.

ಇದರ ಜೊತೆಗೆ ಚುನಾವಣೆಯ ಪುರಾಣ. ಚುನಾವಣೆ ಘೋಷಣೆಯಾಯಿತೆಂದರೆ ಕೋವಿ ಠಾಣೆಗೆ ತಂದು ಠೇವಣಿ ಇಡಿ ಎಂಬ ಆದೇಶ ಬರುತ್ತದೆ. 2023ರಲ್ಲಿ ಮಾರ್ಚ್ 29ಕ್ಕೆ ಘೋಷಣೆ, ಮೇ 13ಕ್ಕೆ ಎಣಿಕೆ. 2024ರ ಲೋಕಸಭೆಯದು ಇನ್ನೂ ಉದ್ದ: ಮಾರ್ಚ್ 16ಕ್ಕೆ ಘೋಷಣೆ, ಹಾಸನದಲ್ಲಿ ಏಪ್ರಿಲ್ 26ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ. ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಬಿತ್ತನೆಯ ಕಾಲ ಯಾವುದು ಅಂತ ಶಾಲೆ ಹುಡುಗನೂ ಹೇಳುತ್ತಾನೆ. ಮೇ ಕೊನೆ, ಜೂನ್ ಮೊದಲು. ಬಿತ್ತಿದ ಗೆಡ್ಡೆಯನ್ನು ಹಂದಿ ಮೂತಿಯಲ್ಲಿ ಉತ್ತುಕೊಂಡು ಹೋಗುವಾಗ ಕೋವಿ ಠಾಣೆಯಲ್ಲಿ ಗೋಡೆಗೆ ಒರಗಿರುತ್ತದೆ. ಚುನಾವಣೆಯಲ್ಲಿ ಕೋವಿ ಹೊರಗಿರಬಾರದು ಎಂಬುದರಲ್ಲಿ ನ್ಯಾಯ ಇಲ್ಲದಿಲ್ಲ. ಈ ಜಿಲ್ಲೆಯ ರಾಜಕೀಯ ಬಲ್ಲವರು ಅದಕ್ಕೆ ತಕರಾರು ತೆಗೆಯಲಾರರು. ತಕರಾರು ಇರುವುದು ವಾಪಸು ಕೊಡುವ ರೀತಿಯ ಬಗ್ಗೆ. ಎರಡೂವರೆ ತಿಂಗಳು ಬೇರೆ ಕೋವಿಗಳ ಜೊತೆ ಒರಗಿದ್ದು, ಎತ್ತಿಟ್ಟು ಇಳಿಸಿದ ಕೋವಿಯ ಗುರಿ ಹೋದ ಹಾಗೇ ಇರುತ್ತದೆಂದು ಯಾರೂ ಖಾತರಿ ಕೊಡಲಾರರು. ಸೀಲು, ಸಹಿ, ರಸೀದಿ ಎಲ್ಲಾ ಸರಿಯಾಗಿ ಆಗುತ್ತದೆ. ಗುರಿಗೆ ಮಾತ್ರ ರಸೀದಿ ಇಲ್ಲ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ನಮ್ಮ ದೇಶದ ಗುರಿಗಾರರು 3 ಕಂಚು ತಂದಾಗ ಹಾಸನದಲ್ಲೂ ಟೀವಿ ಮುಂದೆ ಜನ ಚಪ್ಪಾಳೆ ತಟ್ಟಿದರು. ಆ ಸ್ಪರ್ಧೆಗಳಲ್ಲಿ ಕೆಂಪು ಚುಕ್ಕಿಗೆ ಅವಕಾಶವಿಲ್ಲ, ಎಲ್ಲಾ ಲೋಹದ ಗುರಿಯೇ. ಗಮನಿಸಬೇಕಾದ್ದು ಬೇರೆ. ದಿನಾ ನೂರಾರು ಗುಂಡು ಹಾರಿಸಿ ಪಳಗಿದ ಅವರಿಗೂ ಪಂದ್ಯ ಶುರುವಾಗುವ ಮುಂಚೆ ಗುರಿ ನೋಡಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಆ ಹೊತ್ತಿನ ಈಡು ಲೆಕ್ಕಕ್ಕಿಲ್ಲ. ಕಾಗದದ ಗುರಿಗೆ ಇಷ್ಟು ಜೋಪಾನ. ನಾರ್ವೆ ದೇಶದಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವವನು ಪ್ರತಿ ವರ್ಷ ಗುರಿ ಪರೀಕ್ಷೆ ಪಾಸಾಗಬೇಕು, ತಪ್ಪಿದರೆ ಆ ವರ್ಷ ಕಾಡಿಗೆ ಕಾಲಿಡುವ ಹಾಗಿಲ್ಲ. ಇಲ್ಲಿ ಪರವಾನಗಿ 5 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ನೋಡುವುದು ಕಾಗದವನ್ನು.

ಹಂದಿಯನ್ನು ಕೊಲ್ಲಲು ರೈತನಿಗೆ ಹಕ್ಕೆಲ್ಲಿದೆ, ಬೆದರಿಸುವುದಕ್ಕೆ ತಾನೇ ಕೋವಿ, ಬೆದರುಗುಂಡಿಗೆ ಗುರಿ ಯಾತಕ್ಕೆ ಎಂದು ಕೇಳುವವರಿದ್ದಾರೆ. ಕಾನೂನಿನ ಮಾತು ಸರಿ. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ವನ್ಯಜೀವಿ ಕಾಯಿದೆಯ 2ನೇ ಅನುಸೂಚಿಯಲ್ಲಿದೆ. ಬೆಳೆಗೋ ಜೀವಕ್ಕೋ ಅಪಾಯವೆಂದು ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಟ್ಟರೆ ಮಾತ್ರ ಹೊಡೆಯಬಹುದು. ಆನೆ, ಚಿರತೆಯಂತೂ 1ನೇ ಅನುಸೂಚಿ, ಕನಸಿನಲ್ಲೂ ಗುರಿಯಿಡುವ ಹಾಗಿಲ್ಲ. ಆದರೆ ಅನುಮತಿ ಸಿಕ್ಕ ದಿನ ಹೊಡೆಯುವವನು ಒಂದೇ ಈಡಿಗೆ ಕೆಡವಬೇಕೋ, ಹೊಟ್ಟೆಗೆ ಚರೆ ತಗುಲಿಸಿ ಕಾಡಿಗೆ ಓಡಿಸಬೇಕೋ? ಗಾಯದ ಹಂದಿ ಪೊದೆಯಲ್ಲಿ ಮಲಗಿರುತ್ತದೆ. ಬೆಳಿಗ್ಗೆ ಸೌದೆಗೆ ಬಂದ ಹೆಂಗಸಿನ ಮೇಲೆ ಬೀಳುತ್ತದೆ. ಬೆದರುಗುಂಡಿನ ಮಾತಿಗೆ ಬಂದರೆ, ಬೆದರಿಸುವವನಿಗೇ ತನ್ನ ಗುಂಡು ಎಲ್ಲಿಗೆ ಹೋಗುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿರಬೇಕು. ಮಲೆನಾಡಿನ ಕಡೆ ಹಂದಿ ಅಂದುಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ಒಂದೆರಡು ಸಲ ಬಂದದ್ದಲ್ಲ. ಸತ್ತ ಆನೆಯ ಮೈ ಕೊಯ್ದಾಗ ಹಳೇ ಚರೆ ಸಿಕ್ಕ ಸುದ್ದಿಯೂ ಹೊಸದಲ್ಲ. ಆ ಚರೆ ಹಾರಿಸಿದ ಪುಣ್ಯಾತ್ಮ ಆನೆಗೇ ಇಟ್ಟನೋ, ಗಾಳಿಗೆ ಇಟ್ಟನೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಚರೆ ಹೊತ್ತ ಆನೆ ಮನುಷ್ಯನನ್ನು ಕಂಡರೆ ಹೇಗೆ ವರ್ತಿಸುತ್ತದೆ ಎಂಬುದನ್ನು ಆಲೂರು, ಸಕಲೇಶಪುರದವರನ್ನು ಕೇಳಬೇಕು.

ಆನೆಯ ಮಾತು ಬಂದ ಮೇಲೆ ಇಲಾಖೆಯ ಕೋವಿಯ ವಿಚಾರವನ್ನೂ ಬಿಡುವ ಹಾಗಿಲ್ಲ. ಅರಿವಳಿಕೆ ಕೋವಿ ಬೇರೆ ಜಾತಿ. ಮದ್ದಿಲ್ಲ, ಅನಿಲದ ಒತ್ತಡದಲ್ಲಿ ಔಷಧ ತುಂಬಿದ ಸಿರಿಂಜನ್ನು ಎಸೆಯುತ್ತದೆ. ಅದರ ಮೇಲೂ ಕೆಂಪು ಚುಕ್ಕಿ ಕೂರಿಸುವ ರೂಢಿ ಇದೆ. ಸಿರಿಂಜು ಗುಂಡಿನ ಹಾಗೆ ನೆಟ್ಟಗೆ ಹಾರುವುದಿಲ್ಲ, ಕಲ್ಲೆಸೆದ ಹಾಗೆ ಬಾಗುತ್ತದೆ. ದೂರ ಬದಲಾದರೆ ಒತ್ತಡ ಬದಲಾಯಿಸಬೇಕು. 20 ಗಜಕ್ಕೆ ಇಟ್ಟ ಒತ್ತಡದಲ್ಲಿ 40 ಗಜಕ್ಕೆ ಹೊಡೆದರೆ ಸಿರಿಂಜು ಹಾದಿಯಲ್ಲೇ ಬೀಳುತ್ತದೆ. ಅದೇ ತಿರುಗಾಮುರುಗಾ ಆದರೆ ಮಾಂಸ ಹರಿದು ಮೂಳೆಗೆ ಬಡಿಯುತ್ತದೆ. ಆದ್ದರಿಂದ ಬಲ್ಲವರು ಔಷಧದ ಬದಲು ಅಷ್ಟೇ ತೂಕದ ನೀರು ತುಂಬಿ, ಒಂದೊಂದು ದೂರಕ್ಕೂ ಹಲಗೆಗೆ ಹೊಡೆದು ನೋಡಿಕೊಳ್ಳುತ್ತಾರೆ. ಕಾಡಿಗೆ ಹೋದ ಮೇಲೆ ಎರಡನೇ ಅವಕಾಶ ಸಿಗುವುದು ಅಪರೂಪ.

ಈ ಜಿಲ್ಲೆ ಆ ಕೆಲಸದ ಬೆಲೆ ತೆತ್ತಿದೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಹೊಡೆದ ವೆಂಕಟೇಶ್ ಅದೇ ಆನೆಯ ಕಾಲಿಗೆ ಸಿಕ್ಕಿ ತೀರಿಕೊಂಡರು. ಜನ ಅವರನ್ನು ಆನೆ ವೆಂಕಟೇಶ್ ಎಂದೇ ಕರೆಯುತ್ತಿದ್ದರು. ಸಿರಿಂಜು ಗುರಿ ತಪ್ಪಿರಲಿಲ್ಲ. ಔಷಧ ಹತ್ತುವ ಮುಂಚಿನ ಆ ಕೆಲವು ನಿಮಿಷಗಳಿಗೆ ಯಾವ ಚುಕ್ಕಿಯೂ ರಕ್ಷಣೆ ಕೊಡುವುದಿಲ್ಲ. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ, 8 ದಸರೆಗಳಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತ. ಆ ಗಲಿಬಿಲಿಯಲ್ಲಿ ಅರಿವಳಿಕೆ ಚುಚ್ಚುಮದ್ದು ಪ್ರಶಾಂತನೆಂಬ ಸಾಕಾನೆಗೆ ತಗುಲಿತೆಂದು ಆಗ ಸುದ್ದಿಯಾಗಿತ್ತು. ಪೊದೆ, ಮಬ್ಬು ಬೆಳಕು, ನುಗ್ಗಿ ಬರುವ ಸಲಗ. ಅಂಥ ಹೊತ್ತಿನಲ್ಲಿ ಕೈ ತಪ್ಪುವುದು ಯಾರಿಗೂ ಸಹಜ. ಪಟ್ಟಣದಲ್ಲಿ ಕೂತು ಟೀಕೆ ಮಾಡುವುದು ಸುಲಭ. ಆದರೂ ಕಾಡಿನಲ್ಲಿ ಕೈ ನಡುಗುವವನಿಗೆ ಬಯಲಿನಲ್ಲಿ ನೂರು ಸಲ ಹೊಡೆದ ಅಭ್ಯಾಸವೊಂದೇ ಆಸರೆ. ಅರಣ್ಯದವರಿಗೂ ರೈತರಿಗೂ ಬೇಕಾಗಿರುವುದು ಒಂದೇ ದಿಬ್ಬ, ಒಂದೇ ಹಲಗೆ.

ಹೋಬಳಿಗೊಂದು ಗುರಿ ಮೈದಾನ ಅಂದರೆ ಕಳ್ಳಬೇಟೆಯವರಿಗೆ ಪಾಠಶಾಲೆ ತೆರೆದ ಹಾಗಲ್ಲವೇ ಎಂಬ ಆಕ್ಷೇಪಣೆ ಬರುತ್ತದೆ. ಯೋಚಿಸಬೇಕಾದ ಮಾತೇ. ಆದರೆ ಕಳ್ಳಬೇಟೆಯವನು ಪರವಾನಗಿ ಪುಸ್ತಕ ಹಿಡಿದು, ಪೊಲೀಸರ ಮುಂದೆ ಸಹಿ ಹಾಕಿ, ತೋಟೆ ಎಣಿಸಿ ಕೊಟ್ಟು ಗುರಿ ನೋಡಲು ಬರುತ್ತಾನೆಯೇ? ಅವನ ಕೋವಿಗೆ ನಂಬರೇ ಇರುವುದಿಲ್ಲ. ಮೈದಾನಕ್ಕೆ ಬರುವವನು ನಂಬರು ಇರುವವನು. ಅವನನ್ನೇ ಇಲಾಖೆ ಇನ್ನಷ್ಟು ಹತ್ತಿರದಿಂದ ನೋಡಿದ ಹಾಗಾಯಿತು. ಬಿರುಕು ಬಿಟ್ಟ ನಳಿಗೆ, ತಾನಾಗೇ ಬೀಳುವ ಕುದುರೆ, ಕಣ್ಣೇ ಕಾಣದ ಯಜಮಾನ ಎಲ್ಲಾ ಅಲ್ಲೇ ಬಯಲಿಗೆ ಬರುತ್ತದೆ. ಕೋವಿ ಇನ್ನು ಸಾಕು, ಮನೆಯಲ್ಲಿ ಕೂರಿ ತಾತ ಎಂದು ಹೇಳುವುದಕ್ಕೂ ಅಲ್ಲೊಂದು ಸಂದರ್ಭ ಸಿಗುತ್ತದೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಶಂಕುಸ್ಥಾಪನೆ ಮಾಡಿ ಕಲ್ಲು ನೆಟ್ಟು ಮರೆಯುವ ಕೆಲಸವೂ ಬೇಡ, ಅಂಥ ಕಲ್ಲುಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಪೊಲೀಸರ ಗುಂಡು ಹಾರಿಸುವ ಮೈದಾನವನ್ನು ವರ್ಷಕ್ಕೆ ಎರಡು ದಿನ ಪರವಾನಗಿದಾರರಿಗೆ ಬಿಟ್ಟುಕೊಟ್ಟರೆ ಸಾಕು. ಒಂದು ದಿನ ಆಲೂಗೆಡ್ಡೆ ಬಿತ್ತನೆಗೆ ಮುಂಚೆ, ಇನ್ನೊಂದು ರಾಗಿ ತೆನೆ ಬಲಿಯುವ ಮುಂಚೆ. ಹೋಬಳಿವಾರು ಸರದಿ. ಕಟ್ಟಾಯದವರಿಗೆ ಒಂದು ಬೆಳಿಗ್ಗೆ, ದುದ್ದದವರಿಗೆ ಒಂದು ಬೆಳಿಗ್ಗೆ. ಕೋವಿ ರಿಪೇರಿ ಬಲ್ಲ ಇಲಾಖೆಯ ಆರ್ಮರರ್ ಒಬ್ಬರು ಕೂತು ನಳಿಗೆ ನೋಡಲಿ. ಗುರಿ ಕೂಡಿಸಲು ಸುಡುವ ಹತ್ತು ತೋಟೆಯನ್ನು ಪರವಾನಗಿಯ ಲೆಕ್ಕದಿಂದ ಹೊರಗಿಡಲಿ, ಖಾಲಿ ಕೋಶ ಅಲ್ಲೇ ಎಣಿಸಿಕೊಳ್ಳಲಿ. ಖರ್ಚು ರೈತನೇ ಕೊಡುತ್ತಾನೆ, ಗೆಡ್ಡೆ ಕಳೆದುಕೊಂಡವನಿಗೆ ಅದು ಹೊರೆಯಲ್ಲ. ರೆಡ್ ಡಾಟ್ ಕೂರಿಸಬೇಕೆನ್ನುವವರು ಮೊದಲು ಪರವಾನಗಿ ಕೊಟ್ಟ ಕಚೇರಿಯಲ್ಲಿ ಕೇಳಿ ಕೂರಿಸಲಿ. ಆ ಮಾತನ್ನು ಕಚೇರಿಯೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ.

ಗೊರೂರಿನ ಅಣೆಕಟ್ಟೆಯ ಹಿನ್ನೀರು ಏರಿ ಊರುಗಳು ಮುಳುಗಿದ ಮೇಲೆ ಜನವೂ ಪ್ರಾಣಿಯೂ ಜಾಗ ಬದಲಾಯಿಸಿದರು. 2014ರಲ್ಲಿ ಆಲೂರು ಕಡೆಯಿಂದ 22 ಆನೆ ಹಿಡಿದು ಸಾಗಿಸಿದರೂ ಆನೆಯ ಕಾಟ ನಿಲ್ಲಲಿಲ್ಲ. ಆ ದೊಡ್ಡ ವ್ಯಾಜ್ಯ ತೀರುವುದಕ್ಕೆ ಇನ್ನೆಷ್ಟು ಸಮಿತಿ ಬೇಕೋ. ಇದು ಅದರೊಳಗಿನ ಚಿಕ್ಕ ಕೆಲಸ. ಜಿಲ್ಲಾಧಿಕಾರಿಗಳೂ ಪೊಲೀಸ್ ವರಿಷ್ಠಾಧಿಕಾರಿಗಳೂ ಒಂದು ಮಧ್ಯಾಹ್ನ ಕೂತರೆ ಮುಗಿಯುವಂಥದ್ದು.

ಮುಂದಿನ ಚುನಾವಣೆ ಘೋಷಣೆಯಾದ ದಿನ ಕೋವಿಗಳೆಲ್ಲ ಮತ್ತೆ ಠಾಣೆಗೆ ಹೋಗುತ್ತವೆ. ಎಣಿಕೆ ಮುಗಿದು ವಾಪಸು ಕೊಡುವ ಬೆಳಿಗ್ಗೆ ರಸೀದಿ ಪುಸ್ತಕದ ಜೊತೆಗೆ ಮೈದಾನದ ದಿಬ್ಬದ ಮುಂದೆ ಒಂದು ಹಲಗೆ, ನಾಲ್ಕು ಮರಳು ಚೀಲ ಇಟ್ಟಿರಲಿ. ಕಟ್ಟಾಯದವರು ಬಿಸಿಲೇರುವ ಮುಂಚೆ ಮೊದಲ ಬಸ್ಸಿಗೇ ಬರುತ್ತಾರೆ.